ಮನೆಯ ಹಿತ್ತಿಲಲ್ಲಿ ಚಪ್ಪರದವರೆ

ಮೈಸೂರು ನಗರದ ಹಿತ್ತಿಲುಗಳಿಂದ ಪ್ರತಿ ವರ್ಷವೂ ಭಾದ್ರಪದ ಮಾಸದ ಹೊತ್ತಿಗೆ ಒಂದೇ ಬಗೆಯ ದೂರು ಕೇಳಿಬರುವುದುಂಟು. ಮುಂಗಾರಿನ ಮಳೆಗೆ ಊರಿದ ಅವರೆಯ ಬೀಜವು ಚೆನ್ನಾಗಿ ಮೊಳೆತು, ಬಳ್ಳಿಯು ಚಪ್ಪರವನ್ನು ತುಂಬಿ, ಪಕ್ಕದ ನುಗ್ಗೆಯ ಮರವನ್ನೂ ಏರಿ, ನೆರೆಮನೆಯ ಗೋಡೆಯ ಮೇಲೆ ಇಳಿಬಿದ್ದಿರುತ್ತದೆ. ಎಲೆಗಳು ಅಂಗೈಯಗಲ ಹರಡಿ ಕಪ್ಪು ಹಸುರಾಗಿರುತ್ತವೆ. ಆದರೆ ಹುಡುಕಿದರೂ ಒಂದು ಹೂವು ಕಾಣದು. ಮೂರು ತಿಂಗಳು ನೀರೆರೆದ ಮನೆಯವರು ಮೊದಲು ಗೊಬ್ಬರ ಸಾಲದೆಂದು ಭಾವಿಸಿ ಇನ್ನೊಂದು ಮಂಕರಿ ಗೊಬ್ಬರವನ್ನು ಹಾಕುವರು. ಅದರಿಂದ ಎಲೆ ಇನ್ನಷ್ಟು ಬೆಳೆಯುವುದೇ ಹೊರತು ಹೂವು ಬಾರದು. ಕಡೆಗೆ ಇದು ಗೊಡ್ಡು ಬಳ್ಳಿಯೆಂದು ತೀರ್ಮಾನಿಸಿ, ಮಹಾನವಮಿಗೆ ಅಂಗಳವನ್ನು ಚೊಕ್ಕಟ ಮಾಡುವಾಗ ಬುಡಸಹಿತ ಕೀಳಿಸಿ ಬೀದಿಯ ಕಸದ ಗಾಡಿಗೆ ಹಾಕಿಸುವರು. ಇನ್ನು ನಾಲ್ಕಾರು ವಾರ ತಾಳಿದ್ದರೆ ಅದೇ ಬಳ್ಳಿಯು ಮೈತುಂಬ ಹೂವಾಗಿ, ಸಂಕ್ರಾಂತಿಯವರೆಗೂ ಮನೆಗೆ ಸಾಕೆನ್ನುವಷ್ಟು ಕಾಯಿ ಕೊಡುತ್ತಿದ್ದಿತು.

ಹೀಗೆ ಕಿತ್ತ ಬಳ್ಳಿಯೊಡನೆ ಒಂದು ವರ್ಷದ ಪಲ್ಯದ ಕಾಯಿ ಹೋಗುವುದಲ್ಲದೆ, ಅನೇಕ ಸಂದರ್ಭಗಳಲ್ಲಿ ಆ ಮನೆಯ ಬೀಜವೂ ಹೋಗುವುದು. ಚಪ್ಪರದವರೆಯಲ್ಲಿ ಮನೆಮನೆಗೂ ಒಂದೊಂದು ಬಗೆಯುಂಟು. ಬಿಳಿಯ ಹೂವಿನ ತಿಳಿಹಸುರು ಕಾಯಿ, ಊದಾ ಹೂವಿನ ಊದಾ ಅಂಚಿನ ಕಾಯಿ, ಪೂರ್ತಿ ಊದಾ ಬಣ್ಣದ ಕಾಯಿ, ಕುಡುಗೋಲಿನಂತೆ ಬಾಗಿದ ಅಗಲ ಕಾಯಿ, ಬೆರಳಿನಷ್ಟು ಕಿರಿದಾದ ದಪ್ಪ ಕಾಯಿ—ಇವೆಲ್ಲ ಅಂಗಡಿಯ ಪೊಟ್ಟಣಗಳಲ್ಲಿ ದೊರೆಯತಕ್ಕವಲ್ಲ. ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ, ನೆರೆಯವರಿಂದ ಬೇಡಿ ಪಡೆದ ಹಿಡಿ ಬೀಜದಿಂದ ಇವು ಉಳಿದುಬಂದಿವೆ. ಡಬ್ಬಿಯಲ್ಲಿಟ್ಟ ಬೀಜವು ಎರಡು ಮೂರು ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದು. ಎರಡು ವರ್ಷ ಬಳ್ಳಿಯನ್ನು ಹೂವಿಗೆ ಮೊದಲೇ ಕಿತ್ತ ಮನೆಯಲ್ಲಿ ಆ ಬಗೆಯು ಇನ್ನಿಲ್ಲವೆಂದೇ ಹೇಳಬಹುದು.

ಅವರೆಯಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಒಂದು ಹೊಲದವರೆ. ರಾಗಿಯ ಹೊಲದಲ್ಲಿ ಅಕ್ಕಡಿಯ ಸಾಲಾಗಿ ಬಿತ್ತುವ ಇದನ್ನು ಕಾಳಿಗಾಗಿ ಬೆಳೆಯುವರು. ಇದರ ಸಿಪ್ಪೆಯ ಮೇಲೆ ಕೈಗಂಟುವ ಎಣ್ಣೆಯಂತಹ ಜಿಡ್ಡಿದ್ದು, ಅದರ ಸೊಗಡೇ ಚಳಿಗಾಲದಲ್ಲಿ ದೇವರಾಜ ಮಾರುಕಟ್ಟೆಯ ದಾರಿಯನ್ನು ತೋರಿಸುವುದು. ಇನ್ನೊಂದು ಚಪ್ಪರದವರೆ. ಇದರ ಕಾಯಿ ಚಪ್ಪಟೆಯಾಗಿ ಮೆತುವಾಗಿದ್ದು, ಎಳೆಯದಾಗಿರುವಾಗ ಸಿಪ್ಪೆಸಹಿತ ಅಡಿಗೆಗೆ ಬರುವುದು; ಸೊಗಡು ಕಡಮೆ. ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಒಂದೇ ಜಾತಿಯಲ್ಲಿ ಸೇರಿಸಿ, ಹಿಂದೆ ಡಾಲಿಕಸ್ ಲ್ಯಾಬ್‌ಲ್ಯಾಬ್ ಎಂದು ಕರೆಯುತ್ತಿದ್ದು, ಈಗ ಲ್ಯಾಬ್‌ಲ್ಯಾಬ್ ಪರ್‌ಪ್ಯೂರಿಯಸ್ ಎಂದು ಕರೆಯುತ್ತಾರೆ. ಬೀಜದ ಅಂಚಿನಲ್ಲಿ ಹುಬ್ಬಿನಂತೆ ಎದ್ದು ಕಾಣುವ ಬಿಳಿಯ ಗೆರೆಯಿಂದ ಅವರೆಯನ್ನು ಇತರ ದ್ವಿದಳ ಧಾನ್ಯಗಳಿಂದ ಸುಲಭವಾಗಿ ಬೇರ್ಪಡಿಸಬಹುದು.

ಬಣ್ಣದ ಚಿತ್ರವುಳ್ಳ ಪೊಟ್ಟಣಗಳಲ್ಲಿ ಬರುವ ಸೀಮೆಯ ರನ್ನರ್ ಬೀನ್ಸ್ ಬೀಜವನ್ನು ಕಂಡು ಮನಸೋಲುವವರೂ ನಗರದಲ್ಲಿ ಇಲ್ಲದಿಲ್ಲ. ಕೆಂಪು ಹೂಗೊಂಚಲಿನಿಂದ ಅದು ನೋಡಲು ಅಂದವಾದ ಬಳ್ಳಿಯೇ ಸರಿ. ಇಂಗ್ಲೆಂಡಿನ ಮನೆದೋಟಗಳಲ್ಲಿ ನಮ್ಮ ಚಪ್ಪರದವರೆಗೆ ಇರುವ ಸ್ಥಾನವೇ ಅಲ್ಲಿ ಅದಕ್ಕುಂಟು. ಆದರೆ ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ತಂಪಾದ ಎತ್ತರದ ಬೆಟ್ಟದ ಸೀಮೆ. ಬಿಸಿಲೇರಿದ ಕಡೆ ಅದರ ಹೂವು ಕಾಯಿಕಟ್ಟದೆ ಉದುರುವುದು. ಸಮುದ್ರಮಟ್ಟದಿಂದ ಸುಮಾರು ೭೭೦ ಮೀಟರ್ ಎತ್ತರದಲ್ಲಿದ್ದು ಬೇಸಗೆಯಲ್ಲಿ ೩೪-೩೫ ಡಿಗ್ರಿ ಶಾಖವನ್ನು ಕಾಣುವ ಮೈಸೂರಿನಲ್ಲಿ ಅದನ್ನು ಹೂವಿನ ಅಂದಕ್ಕಾಗಿ ಬೆಳೆಯಬಹುದೇ ಹೊರತು, ಅಡಿಗೆಯ ಮನೆಯು ಅದನ್ನು ನಂಬಿಕೊಂಡಿರಲಾಗದು. ಈ ಊರಿನ ಹವೆಗೆ ಹೇಳಿಸಿದ ಬಳ್ಳಿ ಅವರೆ.

ಹಗಲಿನ ಅಳತೆ

ಅವರೆಯ ಬಳ್ಳಿಯು ಹೂಬಿಡಲು ತಡಮಾಡುವುದಕ್ಕೆ ಕಾರಣವು ನೆಲದಲ್ಲಿಲ್ಲ, ನೀರಿನಲ್ಲಿಲ್ಲ, ಆಕಾಶದಲ್ಲಿದೆ. ಈ ಬಳ್ಳಿಯು ಹಗಲಿರುಳುಗಳ ಉದ್ದವನ್ನು ಅಳೆದು ನೋಡಿ, ಹಗಲು ಮೋಟಾಗಿ ಇರುಳು ನೀಳವಾದ ಮೇಲೆಯೇ ಮೊಗ್ಗು ಕಟ್ಟುವ ಸಸ್ಯವರ್ಗಕ್ಕೆ ಸೇರಿದುದು.

ಸಸ್ಯಗಳಿಗೆ ಇಂತಹ ಗುಣವುಂಟೆಂಬುದು ಶಾಸ್ತ್ರಜ್ಞರಿಗೆ ಸ್ಪಷ್ಟವಾಗಿ ತಿಳಿದುಬಂದದ್ದು ೧೯೨೦ರಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನಗಳ ವ್ಯವಸಾಯದ ಇಲಾಖೆಯಲ್ಲಿದ್ದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರಿಗೆ ಒಂದು ಜಾತಿಯ ಹೊಗೆಸೊಪ್ಪಿನ ಗಿಡವು ದೊಡ್ಡ ಒಗಟಾಗಿದ್ದಿತು. ಬೇಸಗೆಯುದ್ದಕ್ಕೂ ಅದು ಆಳೆತ್ತರ ಮೀರಿ ಬೆಳೆಯುತ್ತಿದ್ದರೂ ಹೂಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಮಾತ್ರ ಚಿಕ್ಕ ಗಿಡವೂ ಹೂವಾಗುತ್ತಿದ್ದಿತು. ಶಾಖ, ತೇವ, ಗೊಬ್ಬರ ಇವಾವುವೂ ಇದಕ್ಕೆ ಕಾರಣವಲ್ಲವೆಂದು ಕಂಡ ಮೇಲೆ, ಅವರು ಗಿಡಗಳನ್ನು ಬೇಸಗೆಯಲ್ಲಿಯೇ ದಿನದ ಒಂದು ಭಾಗ ಕತ್ತಲೆಯ ಕೋಣೆಯಲ್ಲಿಟ್ಟು ಹಗಲನ್ನು ಕೃತಕವಾಗಿ ಮೋಟುಗೊಳಿಸಿದರು. ಗಿಡಗಳು ಹೂಬಿಟ್ಟವು. ಸೋಯಾ ಅವರೆಯ ಒಂದು ಜಾತಿಯನ್ನು ವಾರಗಳ ಅಂತರದಲ್ಲಿ ಹಲವು ಸಲ ಬಿತ್ತಿ ನೋಡಿದಾಗ, ಮೊದಲು ಬಿತ್ತಿದ್ದೂ ಕಡೆಗೆ ಬಿತ್ತಿದ್ದೂ ಹೆಚ್ಚು ಕಡಮೆ ಒಂದೇ ಕಾಲಕ್ಕೆ ಹೂವಾದುದು ಕಂಡುಬಂದಿತು. ಹಿಂದೆ ಬಿತ್ತಿದ ಗಿಡ ದೊಡ್ಡದಾಗಿತ್ತು, ಮುಂದೆ ಬಿತ್ತಿದ ಗಿಡ ಚಿಕ್ಕದಾಗಿತ್ತು, ವ್ಯತ್ಯಾಸ ಅಷ್ಟೆ. ನಮ್ಮ ರೈತನಿಗೆ ಈ ವಿಷಯವು ಹೆಸರಿಲ್ಲದೆಯೇ ಗೊತ್ತಿದ್ದಿತು. ಅವರೆ ಚಳಿಗೆ ಬರುವ ಬೆಳೆ ಎಂದು ಅವನು ಹೇಳುತ್ತಿದ್ದುದು ಇದನ್ನೇ. ಅವನು ಚಳಿಯನ್ನು ಕಾರಣವೆಂದು ತಿಳಿದಿದ್ದನು, ಬಳ್ಳಿಯಾದರೋ ಇರುಳನ್ನು ಲೆಕ್ಕಹಾಕುತ್ತಿದ್ದಿತು.

ಮೈಸೂರು ಭೂಮಧ್ಯರೇಖೆಗೆ ಉತ್ತರದಲ್ಲಿ ಸುಮಾರು ೧೨ ಡಿಗ್ರಿ ೧೮ ಮಿನಿಟುಗಳ ಅಕ್ಷಾಂಶದಲ್ಲಿದೆ. ಜೂನ್ ತಿಂಗಳ ಮೂರನೆಯ ವಾರದಲ್ಲಿ ಇಲ್ಲಿನ ಹಗಲು ೧೨ ಗಂಟೆ ೫೦ ನಿಮಿಷಗಳಷ್ಟಿರುವುದು. ಡಿಸೆಂಬರ್ ಮೂರನೆಯ ವಾರದಲ್ಲಿ ೧೧ ಗಂಟೆ ೨೫ ನಿಮಿಷಗಳ ಸುಮಾರಿಗೆ ಇಳಿಯುವುದು. ವರ್ಷದ ಅತಿ ನೀಳವಾದ ಹಗಲಿಗೂ ಅತಿ ಮೋಟಾದ ಹಗಲಿಗೂ ಇರುವ ಅಂತರ ಹೆಚ್ಚೆಂದರೆ ಒಂದೂವರೆ ಗಂಟೆ. ಮನುಷ್ಯರು ಇದನ್ನು ಲಕ್ಷಿಸುವುದಿಲ್ಲ. ಅವರೆಗೆ ಇಷ್ಟೇ ಸಾಕು. ಅಕ್ಟೋಬರ್ ಮೊದಲ ವಾರದಲ್ಲಿ ಹಗಲು ೧೨ ಗಂಟೆಗೆ ಬಂದು, ಆ ತಿಂಗಳ ಕಡೆಗೆ ಸುಮಾರು ೧೧ ಗಂಟೆ ೪೦ ನಿಮಿಷವಾಗುವುದು. ಸ್ಥಳೀಯ ಬಗೆಗಳಲ್ಲಿ ಬಹುಪಾಲು ಮೊಗ್ಗೊಡೆಯುವುದು ಈ ಅವಧಿಯಲ್ಲಿಯೇ. ಚಿತ್ತೆ ಸ್ವಾತಿಗಳ ಮಳೆಯ ನಡುವೆ ಹೂಗೊಂಚಲುಗಳು ಎಲೆಯ ಮೇಲೆ ತಲೆಯೆತ್ತುವುವು. ಕೆಲವು ಬಗೆಗಳು ಒಂದೆರಡು ವಾರ ಮುಂದಾಗಿಯೂ, ಕೆಲವು ನವೆಂಬರ್ ಕಳೆದ ಮೇಲೆಯೂ ಬರುವುದುಂಟು. ಆದಕಾರಣ ಸೆಪ್ಟೆಂಬರ್ ತಿಂಗಳಲ್ಲಿ ಹೂವಿಲ್ಲದ ಬಳ್ಳಿಯನ್ನು ಗೊಡ್ಡೆಂದು ಕರೆಯುವುದು, ಬಸುರಿಯನ್ನು ಆರನೆಯ ತಿಂಗಳಲ್ಲಿ ಬಂಜೆಯೆಂದಂತೆ.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ನಗರವಾಸಿಗಳು ವಿಶೇಷವಾಗಿ ಗಮನಿಸತಕ್ಕದ್ದು. ೧೯೩೮ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ನಡಸಿದ ಪ್ರಯೋಗಗಳಿಂದ, ಇಂತಹ ಸಸ್ಯಗಳಿಗೆ ಮುಖ್ಯವಾದುದು ಹಗಲಿನ ಮೋಟುತನಕ್ಕಿಂತಲೂ ಇರುಳಿನ ಅಖಂಡವಾದ ಕತ್ತಲೆಯೆಂದು ತಿಳಿದುಬಂದಿತು. ನೀಳವಾದ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಸಸ್ಯವು ಅದನ್ನು ಎರಡು ಮೋಟಾದ ಇರುಳುಗಳೆಂದೆಣಿಸಿ ಹೂವನ್ನು ತಡೆಹಿಡಿಯುವುದು. ಹೀಗಿರುವಲ್ಲಿ ಬೀದಿಯ ದೀಪದ ಕಂಬಕ್ಕೆ ಅಂಟಿಕೊಂಡಂತೆ ಚಪ್ಪರ ಹಾಕಿ, ರಾತ್ರಿಯೆಲ್ಲ ಬಿಳಿಯ ಬೆಳಕು ಬಳ್ಳಿಯ ಮೇಲೆ ಸುರಿಯುತ್ತಿದ್ದರೆ, ಅತ್ತಕಡೆಯ ಕುಡಿಗಳು ಹೂವಿಗೆ ಹಿಂದೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ದಸರೆಯ ದೀಪಾಲಂಕಾರವು ಮೈಸೂರಿಗೆ ಭೂಷಣವೇ ಆದರೂ ಅವರೆಯ ಬಳ್ಳಿಗೆ ಅದು ಹಿತವಲ್ಲ. ಪುಣ್ಯವಶಾತ್ ಅದು ಕೆಲವು ದಿನಗಳಲ್ಲಿ ಮುಗಿಯುವುದು. ಮನೆಯ ಮುಂದಣ ಅಂಗಳಕ್ಕೆ ದೀಪದ ಬೆಳಕು ನೇರವಾಗಿ ಬೀಳುವುದಾದರೆ ಚಪ್ಪರವನ್ನು ಹಿತ್ತಿಲಿಗೆ ಹಾಕುವುದು ಮೇಲು. ಹಿತ್ತಿಲ ಗೋಡೆಗೆ ತಗುಲಿಸಿದ ದೀಪವನ್ನು ಆಶ್ವಯುಜ ಕಾರ್ತಿಕ ಮಾಸಗಳಲ್ಲಿ ಮಲಗುವ ಮುನ್ನ ಆರಿಸಿದರೆ ವಿದ್ಯುತ್ತಿನ ಖರ್ಚೂ ಉಳಿಯುವುದು.

ಬಿತ್ತುವ ಕಾಲ

ಮೇಲೆ ಹೇಳಿದುದನ್ನು ತಿಳಿದುಕೊಂಡರೆ ಬಿತ್ತುವ ಕಾಲವನ್ನು ಅವರವರ ಜಾಗಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳಬಹುದು. ಬಿತ್ತುವ ದಿನವನ್ನು ಹಿಂದುಮುಂದು ಮಾಡಿದರೆ ಹೂವಿನ ದಿನವು ಅಷ್ಟಾಗಿ ಬದಲಾಗದು, ಬಳ್ಳಿಯ ಗಾತ್ರವು ಬದಲಾಗುವುದು. ಪ್ಲೇಗಿನ ಹಾವಳಿಯ ತರುವಾಯ, ೧೯೦೩ರಲ್ಲಿ ಏರ್ಪಟ್ಟ ನಗರಾಭಿವೃದ್ಧಿ ಮಂಡಲಿಯ ಕಾಲದಿಂದ ಬೆಳೆದ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಬಾವಿಕಟ್ಟೆಯೂ ಹಿತ್ತಿಲೂ ಉಳಿದಿರುವ ಮನೆಗಳುಂಟು. ಅಂತಹ ಕಡೆ ಹತ್ತು ಹನ್ನೆರಡು ಅಡಿ ಚೌಕದ ಚಪ್ಪರವನ್ನು ತುಂಬಬೇಕಾದರೆ ಮೃಗಶಿರೆ ಆರಿದ್ರೆಗಳ ಮಳೆಗೆ, ಎಂದರೆ ಜೂನ್ ತಿಂಗಳಲ್ಲಿ, ಬೀಜವನ್ನು ಊರತಕ್ಕದ್ದು. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ನಾಲ್ಕಡಿಯ ಓಣಿಯಷ್ಟೇ ಉಳಿದಿರುವವರು ಜೂನ್‌ನಲ್ಲಿ ಬಿತ್ತಿದರೆ ಬಳ್ಳಿಯೇ ಮನೆಯನ್ನು ಆಳುವುದು. ಅವರು ಆಗಸ್ಟ್ ತಿಂಗಳಲ್ಲಿ ಬಿತ್ತಬೇಕು. ಬಳ್ಳಿಯು ಆಳೆತ್ತರ ಬರುವಷ್ಟರಲ್ಲಿ ಇರುಳು ನೀಳವಾಗಿ, ಇದ್ದಷ್ಟರಲ್ಲಿಯೇ ಹೂಬಿಡುವುದು. ತಾರಸಿಯ ಮೇಲೆ ಕುಂಡಗಳಲ್ಲಿ ಬೆಳೆಯುವವರು ಸೆಪ್ಟೆಂಬರ್ ಮೊದಲಲ್ಲಿ ಬಿತ್ತಿದರೂ ತಡವಾಗಲಿಲ್ಲ. ಒಂದೂವರೆ ಅಡಿ ಅಗಲ, ಅಷ್ಟೇ ಆಳವಿರುವ ಕುಂಡಕ್ಕೆ ಒಂದು ಬಳ್ಳಿ ಸಾಕು. ಫಲವು ಬಳ್ಳಿಯ ಗಾತ್ರಕ್ಕೆ ತಕ್ಕಷ್ಟೇ ಎಂಬುದನ್ನು ಮಾತ್ರ ಮರೆಯಬಾರದು.

ಮೈಸೂರಿನ ಮಳೆಯ ಸ್ವಭಾವವನ್ನೂ ಇಲ್ಲಿ ಹೇಳುವುದು ಅವಶ್ಯ. ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರ್ ಬೀಳುವ ಇಲ್ಲಿನ ಮಳೆಯಲ್ಲಿ ಹೆಚ್ಚಿನ ಪಾಲು ಮೇ ತಿಂಗಳ ಗುಡುಗಿನ ಮಳೆಯಾಗಿಯೂ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳ ಹಿಂಗಾರಾಗಿಯೂ ಬರುವುದು. ಜೂನ್ ಜುಲೈಗಳಲ್ಲಿ ಮೋಡವೂ ಗಾಳಿಯೂ ಹೆಚ್ಚು, ಮಳೆ ಕಡಮೆ. ತುಂತುರನ್ನು ನೋಡಿ ಮಳೆಯಾಯಿತೆಂದು ನೀರನ್ನು ನಿಲ್ಲಿಸಿದ ಎಷ್ಟೋ ಪಾತಿಗಳಲ್ಲಿ ಒಂದಂಗುಲದ ಕೆಳಗೆ ಮಣ್ಣು ಒಣಗಿರುವುದು. ಬೆರಳನ್ನು ಊರಿ ನೋಡಿ ನೀರೆರೆಯುವುದೇ ಸರಿಯಾದ ಕ್ರಮ.

ಇಷ್ಟು ಕಾಲ ಕಾಯಲಾರದವರಿಗೂ ದಾರಿಯುಂಟು. ಹಗಲಿನ ಅಳತೆಗೆ ಕಟ್ಟುಬೀಳದೆ ವರ್ಷದ ಎಲ್ಲ ಕಾಲದಲ್ಲಿಯೂ ಹೂಬಿಡುವ ಗಿಡ್ಡ ಅವರೆಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದಿದ್ದಾರೆ. ಹೆಬ್ಬಾಳ ಅವರೆ ೩ ಮತ್ತು ೪ ಎಂಬವು ಇವುಗಳಲ್ಲಿ ಹೆಸರಾದುವು. ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಎಂಬ ಬಗೆಗಳೂ ಹಾಗೆಯೇ ಗಿಡ್ಡವಾಗಿ ಪೊದೆಯಂತೆ ಬೆಳೆಯುವುವು. ಇವುಗಳಿಗೆ ಚಪ್ಪರ ಬೇಡ, ಕಾಯುವುದೂ ಬೇಡ. ಬೇಸಗೆಯಲ್ಲಿಯೂ ಅವರೆಕಾಯಿ ಮಾರುಕಟ್ಟೆಗೆ ಬರುವಂತಾದುದು ಇವುಗಳಿಂದಲೇ. ಹಿತ್ತಿಲಲ್ಲಿ ಒಂದು ಸಾಲು ಗಿಡ್ಡ ಅವರೆಯೂ ಒಂದು ಚಪ್ಪರದ ಬಳ್ಳಿಯೂ ಇದ್ದರೆ ಮನೆಯವರ ತಾಳ್ಮೆಗೆ ಆಧಾರವಾಗುವುದು. ಆದರೆ ಒಂದೇ ಬುಡದಿಂದ ತಿಂಗಳುಗಟ್ಟಲೆ ಕೊಯ್ಯುವ ಸೌಕರ್ಯವು ಬಳ್ಳಿಯಲ್ಲಿಯೇ ಹೆಚ್ಚು.

ನೆಲ, ಗೊಬ್ಬರ, ನೀರು

ನಗರದ ಕೆಮ್ಮಣ್ಣಿನ ನೆಲ ಅವರೆಗೆ ಒಗ್ಗತಕ್ಕದ್ದೇ. ತೊಂದರೆಯು ಬರುವುದು ಹೊಸದಾಗಿ ಕಟ್ಟಿದ ಮನೆಗಳಲ್ಲಿ. ಅಲ್ಲಿ ನೆಲವೆಂದರೆ ಗಾರೆ, ಇಟ್ಟಿಗೆ ಚೂರು, ಜಲ್ಲಿಗಳ ಮೇಲೆ ಒಂದು ಗೇಣು ಮಣ್ಣು. ಅಂತಹ ಕಡೆ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಯನ್ನು ತೆಗೆದು, ಕಸವನ್ನು ಹೊರಹಾಕಿ, ಹೊರಗಿನಿಂದ ತಂದ ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಂಕರಿಯಷ್ಟು ಸೇರಿಸಿ ತುಂಬತಕ್ಕದ್ದು. ಒಂದು ಬೊಗಸೆ ಮೂಳೆಯ ಪುಡಿ, ಎರಡು ಹಿಡಿ ಸೌದೆಯ ಬೂದಿ ಸೇರಿಸಿದರೆ ಸಾಕು. ಗುಂಡಿಗೆ ನಾಲ್ಕು ಬೀಜಗಳನ್ನು ಒಂದಂಗುಲ ಆಳದಲ್ಲಿ ಊರಿ, ಗೇಣುದ್ದ ಬೆಳೆದ ಮೇಲೆ ಬಲವಾದ ಎರಡನ್ನು ಉಳಿಸಿಕೊಂಡು ಮಿಕ್ಕವನ್ನು ಕತ್ತರಿಸಬೇಕು. ಕಿತ್ತರೆ ಪಕ್ಕದ ಬೇರು ಅಲ್ಲಾಡುವುದು. ಗುಂಡಿಯಿಂದ ಗುಂಡಿಗೆ ಐದಾರು ಅಡಿ ಇರಲಿ.

ಇದರ ಮೇಲೆ ಗೊಬ್ಬರವನ್ನು ಹಾಕುತ್ತಲೇ ಇರುವುದು ಹಣವನ್ನೂ ಫಲವನ್ನೂ ಕಳೆದುಕೊಳ್ಳುವ ದಾರಿ. ಅವರೆಯ ಬೇರಿನ ಮೇಲೆ ಸಾಸುವೆಯಿಂದ ಮೆಣಸಿನ ಗಾತ್ರದವರೆಗಿನ ಗಂಟುಗಳಿರುವುವು. ಅವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಬಳ್ಳಿಗೆ ಒದಗಿಸುವುವು. ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಎಂಬವರು ೧೮೮೦ರ ದಶಕದಲ್ಲಿ ಸ್ಥಿರಪಡಿಸಿದ ಸಂಗತಿ ಇದು. ಗಂಟನ್ನು ಉಗುರಿನಿಂದ ಸೀಳಿ ನೋಡಿದಾಗ ಒಳಗೆ ತಿಳಿಗೆಂಪು ಬಣ್ಣವಿದ್ದರೆ ಅವು ಕೆಲಸದಲ್ಲಿವೆಯೆಂದು ತಿಳಿಯಬಹುದು. ಮನೆಯೊಡೆಯನು ಯೂರಿಯವನ್ನೋ ಹಸಿಯ ಸಗಣಿಯನ್ನೋ ಧಾರಾಳವಾಗಿ ಹಾಕಿದರೆ, ಕೂತಲ್ಲಿಗೆ ಊಟ ಬಂದವರಂತೆ ಬೇರು ಗಂಟುಕಟ್ಟುವುದನ್ನು ಕಡಮೆಮಾಡುವುದು; ಬಳ್ಳಿಯು ಎಲೆಗೂ ಕುಡಿಗೂ ಸೊಕ್ಕಿ, ಹೂವಿನ ಕಾಲ ಬಂದಾಗಲೂ ಗೊಂಚಲುಗಳು ವಿರಳವಾಗುವುವು.

ಬಚ್ಚಲ ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಿಂದೆ ಸೀಗೆಪುಡಿ, ಕಡಲೆಹಿಟ್ಟುಗಳ ಕಾಲದಲ್ಲಿ ಬಚ್ಚಲ ನೀರು ಹಿತ್ತಿಲ ಗಿಡಗಳಿಗೆ ಅಷ್ಟು ಕೇಡು ಮಾಡುತ್ತಿರಲಿಲ್ಲ. ಈಗಿನ ಬಟ್ಟೆ ಒಗೆಯುವ ಪುಡಿಗಳ ನೀರು ಬುಡದಲ್ಲಿ ನಿಂತರೆ ಅವರೆಯ ಬೇರು ಕೊಳೆಯುವುದು. ಬಾಳೆಗೂ ಕೆಸುವಿಗೂ ಆ ನೀರನ್ನು ತಿರುಗಿಸಿ, ಅವರೆಗೆ ಒಳ್ಳೆಯ ನೀರನ್ನು ವಾರಕ್ಕೆ ಎರಡು ಸಲ ಕೊಟ್ಟರೆ ಸಾಕು. ಹೂವು ಕಾಣಿಸಿಕೊಂಡ ಮೇಲೆ ಮಾತ್ರ ಮಣ್ಣು ಪೂರ್ತಿ ಒಣಗಲು ಬಿಡಬಾರದು. ಒಣಗಿದರೆ ಹೂವು ಉದುರುವುದು.

ಚಪ್ಪರ

ಚಪ್ಪರವು ಆಳು ನಿಂತು ಕೈಚಾಚಿ ಕೊಯ್ಯುವಷ್ಟು, ಎಂದರೆ ಆರೂವರೆ ಅಡಿ ಎತ್ತರವಿರಲಿ. ಸರ್ವೆಯ ಗಳುಗಳನ್ನು ಊರಿ, ಮೇಲೆ ಬಿದಿರಿನ ದಬ್ಬೆಗಳನ್ನು ಒಂದೊಂದು ಅಡಿಗೆ ಕಟ್ಟಿದರೆ ಎರಡು ಮೂರು ವರ್ಷ ಬಾಳುವುದು. ಕಬ್ಬಿಣದ ತಂತಿಗಿಂತ ತೆಂಗಿನ ನಾರಿನ ಹಗ್ಗ ಮೇಲು. ಬಿಸಿಲಿಗೆ ಕಾದ ತಂತಿ ಎಳೆಯ ಕುಡಿಯನ್ನು ಸುಡುವುದು. ಅವರೆಗೆ ಸೋರೆ ಹೀರೆಗಳಂತೆ ಹಿಡಿದುಕೊಳ್ಳುವ ಎಳೆಬಳ್ಳಿಗಳಿಲ್ಲ. ಕಾಂಡವೇ ಆಧಾರಕ್ಕೆ ಸುತ್ತಿಕೊಂಡು ಏರುವುದು. ಆದುದರಿಂದ ಮೊದಲಲ್ಲಿ ಒಂದು ಸಣ್ಣ ಕಡ್ಡಿಯನ್ನು ಬುಡದಲ್ಲಿ ಊರಿ ಅದರ ತುದಿಯನ್ನು ಚಪ್ಪರಕ್ಕೆ ಕಟ್ಟಿದರೆ ಸಾಕು, ದಾರಿಯನ್ನು ಬಳ್ಳಿಯೇ ಹಿಡಿಯುವುದು. ಚಪ್ಪರಕ್ಕೆ ತಲಪಿದೊಡನೆ ನಡುಗುಡಿಯನ್ನು ಚಿವುಟಿದರೆ ಪಕ್ಕದ ಕವಲುಗಳು ಒಡೆಯುವುವು. ಹೂಗೊಂಚಲುಗಳು ಬರುವುದು ಹೆಚ್ಚಾಗಿ ಇಂತಹ ಕವಲುಗಳಲ್ಲಿ. ಸೆಪ್ಟೆಂಬರ್ ಮಧ್ಯದಲ್ಲಿ ಚಪ್ಪರದ ಮೇಲೆ ಎಲೆ ಒತ್ತಾಗಿ ಕೆಳಗೆ ಕತ್ತಲೆಯಾಗಿದ್ದರೆ ಹಳೆಯ ಎಲೆಗಳನ್ನು ಸ್ವಲ್ಪ ತೆಗೆದು ಗಾಳಿಯಾಡಿಸಬೇಕು. ಬಳ್ಳಿಯನ್ನು ಕೀಳಬೇಕೆಂದು ಕೈ ತುರಿಸುವವರು ಈ ಕೆಲಸದಿಂದ ತೃಪ್ತಿಪಟ್ಟುಕೊಳ್ಳಬಹುದು.

ಹುಳುಗಳು

ಹೂಗೊಂಚಲು ಬಂದೊಡನೆ ಬರುವ ಮೊದಲ ಅತಿಥಿ ಕರಿಯ ಸಸ್ಯಹೇನು. ಗೊಂಚಲಿನ ಕಾವಿಗೆ ಮಸಿ ಬಳಿದಂತೆ ಇವು ಮುತ್ತಿಕೊಂಡು ರಸವನ್ನು ಹೀರುವುವು. ಇವು ಸ್ರವಿಸುವ ಸಿಹಿಗಾಗಿ ಇರುವೆಗಳು ಇವನ್ನು ದನಗಳಂತೆ ಕಾಯುತ್ತಿರುವುದನ್ನೂ, ಗುಲಗಂಜಿ ಹುಳುವೂ ಅದರ ಮರಿಯೂ ಇವನ್ನು ತಿನ್ನುತ್ತಿರುವುದನ್ನೂ ಕಾಣಬಹುದು. ಇರುವೆಯು ಬಳ್ಳಿಯನ್ನು ಏರದಂತೆ ಬುಡದ ಸುತ್ತ ಬೂದಿಯನ್ನು ಹಾಕಿ, ಹೇನು ಮುತ್ತಿದ ಗೊಂಚಲುಗಳಿಗೆ ನೀರನ್ನು ರಭಸವಾಗಿ ಹೊಡೆದರೆ ಅರ್ಧ ಕೆಲಸ ಮುಗಿಯಿತು. ಹೆಚ್ಚಾದರೆ ಬೇವಿನ ಬೀಜದ ತಿರುಳನ್ನು ಕುಟ್ಟಿ, ಲೀಟರ್ ನೀರಿಗೆ ೫೦ ಗ್ರಾಂನಂತೆ ರಾತ್ರಿ ನೆನೆಹಾಕಿ, ಬೆಳಗ್ಗೆ ಸೋಸಿ, ಚೂರು ಸೋಪನ್ನು ಕರಗಿಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ಹಿಂದಿನ ಕಾಲದಲ್ಲಿ ಇದಕ್ಕೆ ಹೊಗೆಸೊಪ್ಪಿನ ಕಷಾಯವನ್ನು ಹೇಳುತ್ತಿದ್ದರು. ಅದು ಹೇನನ್ನು ಕೊಲ್ಲುವುದು ದಿಟ. ಆದರೆ ಅದರ ವಿಷವು ಮನುಷ್ಯರಿಗೂ ತೀಕ್ಷ್ಣವಾದುದು. ವಾರಕ್ಕೆರಡು ಸಲ ಕಾಯಿ ಕೊಯ್ಯುವ ಬಳ್ಳಿಗೆ ಅದು ತಕ್ಕದ್ದಲ್ಲ.

ಹಸುರು ಮಿಶ್ರ ಕಂದುಬಣ್ಣದ, ಬೇಳೆಯ ಗಾತ್ರದ ದುಂಡನೆಯ ತಿಗಣೆಗಳು ಕಾಂಡಕ್ಕೆ ಗುಂಪಾಗಿ ಅಂಟಿಕೊಂಡಿರುವುದೂ ಸಾಮಾನ್ಯ. ಬರಿಗೈಯಿಂದ ಮುಟ್ಟಿದರೆ ದುರ್ನಾತವನ್ನು ಬಿಟ್ಟು ಚರ್ಮಕ್ಕೆ ಕಲೆಹಿಡಿಸುವುವು. ಸೋಪಿನ ನೀರಿನ ಪಾತ್ರೆಯನ್ನು ಕೆಳಗೆ ಹಿಡಿದು, ಬೆಳಗಿನ ಚಳಿಯಲ್ಲಿ ಅವು ಮಂಕಾಗಿರುವಾಗ ಕಡ್ಡಿಯಿಂದ ಉದುರಿಸುವುದು ಒಳ್ಳೆಯ ಉಪಾಯ. ಕಾಯಿಕೊರಕ ಹುಳುವಿಗೆ ಮನೆದೋಟದಲ್ಲಿ ಕಣ್ಣೂ ಕೈಯೂ ಮುಖ್ಯವಾದ ಔಷಧ. ತೂತಾದ ಕಾಯಿಗಳನ್ನು ಬಳ್ಳಿಯ ಮೇಲೆ ಬಿಡದೆ ಕಿತ್ತು ನಾಶಪಡಿಸಬೇಕು. ಎಲೆಗಳ ಮೇಲೆ ಹಳದಿಯ ಮಚ್ಚೆ ಹರಡಿ ಬಳ್ಳಿ ಮಂಕಾದರೆ ಅದು ಬಿಳಿನೊಣವು ತರುವ ನಂಜುರೋಗ. ಕಿತ್ತುಹಾಕತಕ್ಕ ಬಳ್ಳಿಯೆಂದರೆ ಇದು.

ಕೊಯ್ಲು

ಕಾಯಿಯೊಳಗಿನ ಕಾಳು ಹೊರಗೆ ಉಬ್ಬಿ ಕಾಣುವ ಮೊದಲೇ ಕೊಯ್ಯಬೇಕು. ಮೂರು ನಾಲ್ಕು ದಿನಗಳಿಗೊಮ್ಮೆ ತಪ್ಪದೆ ಕೊಯ್ದಷ್ಟೂ ಬಳ್ಳಿಯು ಹೊಸ ಹೂವನ್ನು ಕೊಡುವುದು. ಬಲಿತ ಕಾಯಿಗಳನ್ನು ಹೊತ್ತ ಬಳ್ಳಿ ಹೂವಿಗೆ ಬೇಸರಿಸುವುದು. ಕೊಯ್ಯುವಾಗ ಗೊಂಚಲಿನ ಕಾವನ್ನು ಮುರಿಯದೆ ಕಾಯಿಯನ್ನಷ್ಟೇ ಬಿಡಿಸತಕ್ಕದ್ದು. ಅದೇ ಕಾವಿನ ಗಿಣ್ಣುಗಳಲ್ಲಿ ಮತ್ತೆ ಮತ್ತೆ ಹೂವು ಬರುವುದರಿಂದ, ಮಕ್ಕಳ ಕೈಗೆ ಈ ಕೆಲಸವನ್ನು ಕೊಡುವವರು ಮೊದಲು ಇದನ್ನು ತೋರಿಸಿಕೊಡಬೇಕು.

ಎಳೆಯ ಕಾಯಿಯ ಪಲ್ಯವನ್ನೂ ಹುಳಿಯನ್ನೂ ಇಲ್ಲಿ ವರ್ಣಿಸಬೇಕಾದುದಿಲ್ಲ. ಬಲಿತು ಒಣಗಿದ ಕಾಳಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಅದರಲ್ಲಿ, ಅದರಲ್ಲೂ ಕಪ್ಪು ಬಣ್ಣದ ಕಾಳಿನಲ್ಲಿ, ಹಸಿಯಾಗಿ ತಿಂದರೆ ವಿಷವನ್ನು ಬಿಡುವ ದ್ರವ್ಯವಿರುವುದು. ರಾತ್ರಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುದಿಸಿ, ಆ ಮೊದಲ ಕಟ್ಟನ್ನೂ ಬಸಿದುಹಾಕಿ ಮತ್ತೆ ಚೆನ್ನಾಗಿ ಬೇಯಿಸಿದ ಮೇಲೆಯೇ ಬಳಸಬೇಕು. ಹಳಬರ ಅಡಿಗೆಯ ಪದ್ಧತಿಯೂ ಇದೇ.

ಬೀಜ

ಬೀಜಕ್ಕಾಗಿ ಕಡೆಯಲ್ಲಿ ಉಳಿದ ಮುದುಡಿದ ಕಾಯಿಗಳನ್ನು ಬಿಡುವುದು ತಪ್ಪು. ಹುಳುಬೀಳದ, ಹೆಚ್ಚು ಕಾಯಿ ಕೊಟ್ಟ ಬಳ್ಳಿಯನ್ನು ಮೊದಲೇ ಗುರುತಿಸಿ, ಡಿಸೆಂಬರ್ ತಿಂಗಳಲ್ಲಿ ಅದರ ಮಧ್ಯದ ಒಂದೆರಡು ಒಳ್ಳೆಯ ಗೊಂಚಲುಗಳಿಗೆ ಬಣ್ಣದ ದಾರವನ್ನು ಕಟ್ಟಿ, ಯಾರೂ ಕೊಯ್ಯದಂತೆ ಮನೆಯವರಿಗೆಲ್ಲ ಹೇಳಿಡಬೇಕು. ಅವರೆಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದು. ದುಂಬಿಗಳಿಂದ ಬೆರಕೆಯಾಗುವುದು ಸ್ವಲ್ಪವೇ. ಆದುದರಿಂದ ಬಗೆಯು ಕೆಡದೆ ನಿಲ್ಲುವುದು. ಎರಡು ಬಗೆಗಳನ್ನು ಬೆಳೆಯುವವರು ಚಪ್ಪರದ ಎರಡು ಕೊನೆಗಳಲ್ಲಿ ಬೆಳೆದರೆ ಇನ್ನೂ ಒಳ್ಳೆಯದು.

ಕಾಯಿ ಬಳ್ಳಿಯ ಮೇಲೆಯೇ ಒಣಗಿ ಗಲಗಲವೆಂದ ಮೇಲೆ ಬಿಡಿಸಿ, ಜೊಳ್ಳನ್ನೂ ತೂತುಬಿದ್ದುದನ್ನೂ ಆರಿಸಿ ತೆಗೆದು, ನಾಲ್ಕು ದಿನ ಬೆಳಗಿನ ಬಿಸಿಲಿನಲ್ಲಿ ಒಣಗಿಸಬೇಕು. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕೆಂದು ಒಡೆಯುವ ಹದ ಬರಬೇಕು. ಹುಳು ಬೀಳದಂತೆ ಹಳ್ಳಿಗಳಲ್ಲಿ ಕೆಮ್ಮಣ್ಣು ಕಟ್ಟುವ ರೂಢಿಯುಂಟು: ಸಣ್ಣಗೆ ಜರಡಿಯಾಡಿದ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಬೀಜಕ್ಕೆ ತೆಳ್ಳಗೆ ಬಳಿದು, ಮತ್ತೆ ಚೆನ್ನಾಗಿ ಒಣಗಿಸುವರು. ಮನೆಗೆ ಬೇಕಾದ ಹಿಡಿ ಬೀಜಕ್ಕೆ ಸೋಸಿದ ಬೂದಿಯಲ್ಲಿ ಬೆರಸಿ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದೇ ಸಾಕು. ಡಬ್ಬಿಯ ಮೇಲೆ ಬಗೆಯ ಗುರುತನ್ನೂ, ಬಿತ್ತಿದ ತಿಂಗಳನ್ನೂ, ಮೊದಲ ಹೂವು ಕಂಡ ತಾರೀಖನ್ನೂ ಬರೆದಿಡತಕ್ಕದ್ದು. ಮುಂದಿನ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಬಳ್ಳಿಯ ಮೇಲೆ ಅನುಮಾನ ಹುಟ್ಟಿದಾ‌ಗ ಆ ತಾರೀಖನ್ನು ನೋಡಿಕೊಳ್ಳಬಹುದು.